ದೂರ ಹೋಗಲಾಗದವಳು

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಬೀಡಿ ಕಟ್ಟುತ್ತಾ ರೇಡಿಯೋ ಕೇಳುವ ಅಕ್ಕಂದಿರನ್ನು ನೆನೆದುಕೊಂಡೇ ಮಾತಾಡುತ್ತೇನೆ. ನಾನು ಹೆರಿಗೆ ಡಾಕ್ಟರು. ವಿಷಯ ಗರ್ಭಪಾತದ ಕಾನೂನು. ಮನೆಯಲ್ಲಿ ಹಿರಿಯರಿದ್ದಾರೆ ಅಂತ ರೇಡಿಯೋ ಬಂದ್ ಮಾಡಬೇಡಿ, ಅವರೂ ಕೇಳಲಿ.

ಹೇಳುವುದು ಒಂದೇ ಮಾತು. ಗರ್ಭಪಾತಕ್ಕೆ ಅಡ್ಡ ಹಾಕಿದರೆ ಸಿಕ್ಕಿಬೀಳುವವಳು ದೂರ ಹೋಗಲಾಗದವಳು. ಪೆಟ್ಟು ಅವಳ ಕೂಸಿಗೂ ಬೀಳುತ್ತದೆ.

ಅಮೆರಿಕವನ್ನೇ ನೋಡಿ. 1973ರಿಂದ ಇದ್ದ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ತೆಗೆದುಹಾಕಿತು. ಎಷ್ಟೋ ರಾಜ್ಯಗಳು ನಿಷೇಧ ತಂದವು. ದುಡ್ಡು, ರಜೆ, ಕಾರು ಇದ್ದವರು ಪಕ್ಕದ ರಾಜ್ಯಕ್ಕೆ ಹೋಗಿ ಬಂದರು. ಇಲ್ಲದವರು ಉಳಿದರು. 2025ರಲ್ಲಿ ಸಂಶೋಧಕರು ಇಂಥ 14 ರಾಜ್ಯಗಳ ಲೆಕ್ಕ ತೆಗೆದರು. ಒಂದು ವರ್ಷ ತುಂಬುವ ಮೊದಲೇ ಸಾಯುವ ಕೂಸುಗಳ ಪ್ರಮಾಣ ಅಂದಾಜಿಗಿಂತ ಶೇಕಡ 6ರಷ್ಟು ಜಾಸ್ತಿ ಆಗಿತ್ತು. ಕಪ್ಪು ಜನರ ಕೂಸುಗಳಲ್ಲಿ ಶೇಕಡ 11ರಷ್ಟು. ಕಾನೂನು ಎಲ್ಲರಿಗೂ ಒಂದೇ, ಸಾವು ಮಾತ್ರ ಒಂದೇ ಅಲ್ಲ.

ನಮಗೆ ಇದು ಬೇಗ ಅರ್ಥ ಆಗಬೇಕು. 2020ರ ಮಾರ್ಚ್‌ನಲ್ಲಿ, ಕೊರೋನಾ ಸಮಯ, ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ಲ? ಮಂಗಳೂರಿನ ಆಸ್ಪತ್ರೆ ಕಣ್ಣಳತೆಯಲ್ಲಿದ್ದರೂ ತಲುಪಲಾಗಲಿಲ್ಲ. ಆಗ ಕಾರಿನವರೂ ಬಸ್ಸಿನವರೂ ಒಟ್ಟಿಗೇ ನಿಂತರು. ಗರ್ಭಪಾತದ ಗಡಿಯಲ್ಲಿ ಹಾಗಲ್ಲ. ಕಾರಿನವರನ್ನು ಬಿಡುತ್ತದೆ.

ನನ್ನ ಹತ್ತಿರ ಬಂದಿದ್ದ ಒಬ್ಬಳ ಕತೆ ಹೇಳಲೇಬೇಕು. ಎಣ್ಮಕಜೆ ಕಡೆಯವಳು, ಬೀಡಿ ಕಟ್ಟುವವಳು. ಎರಡು ಮಕ್ಕಳು. ಗರ್ಭ ನಿಲ್ಲದಂತೆ ಹಾಕಿಸಿಕೊಳ್ಳುವ ಕಾಪರ್ ಟಿ ಇದ್ದೂ ಮೂರನೆಯದು ನಿಂತಿತ್ತು. ಹಿಮೋಗ್ಲೋಬಿನ್ ಆರು, ಅಂದರೆ ರಕ್ತ ತೀರಾ ಕಡಿಮೆ. ಬೇಡ ಅಂತ ಅವಳೇ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದಳು. ‘ಗಂಡನ ಸಹಿ ತನ್ನಿ’ ಅಂದರಂತೆ. ಗಂಡ ಗಲ್ಫ್‌ನಲ್ಲಿ. ಫೋನ್ ಮಾಡಿದರೆ ‘ಬಂದ ಮೇಲೆ ನೋಡುವ’ ಅಂದ. ಅತ್ತೆಗೆ ಹೇಳಲು ಹೆದರಿಕೆ. ಮಂಗಳೂರಿಗೆ ಹೋದರೆ ಒಂದು ದಿನದ ಬೀಡಿ ಹೋಯಿತು, ಜೊತೆಗೆ ಯಾರು ಬರುತ್ತಾರೆ? ಕಾಯುತ್ತಾ ಕಾಯುತ್ತಾ ಸಮಯ ಮೀರಿತು. ಏಳೂವರೆ ತಿಂಗಳಿಗೇ ಹೆರಿಗೆ, ಒಂದೂಕಾಲು ಕಿಲೋ ಕೂಸು. ಉಳಿಯಿತು, ಆದರೆ ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ. ಅದೇ ಊರಿನ ಇನ್ನೊಬ್ಬ ಹೆಂಗಸು, ಅಡಿಕೆ ತೋಟದ ಮನೆಯವಳು, ತಮ್ಮನ ಕಾರಿನಲ್ಲಿ ಮಂಗಳೂರಿಗೆ ಹೋಗಿ ಸಂಜೆಗೆ ಮನೆ ಸೇರಿದ್ದಳು. ಅವಳಿಗೂ ನಿಂತದ್ದು ಬೇಡವಾಗಿತ್ತು. ಯಾರಿಗೂ ಗೊತ್ತೇ ಆಗಲಿಲ್ಲ.

ಆ ಸಹಿಯ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ. ಕಾನೂನು ಅದನ್ನು ಕೇಳುವುದೇ ಇಲ್ಲ! ನಮ್ಮ ದೇಶದ ಕಾಯ್ದೆ 1971ರದ್ದು. ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆ ಸಾಕು. ಗಂಡನ ಸಹಿ ಬೇಡ. ಇನ್ನೊಮ್ಮೆ ಹೇಳುತ್ತೇನೆ, ಬೇಡ. ಹಾಗಿದ್ದರೂ ಕೇಳುತ್ತಾರೆ, ಸುಮ್ನೆ, ತಮ್ಮ ಧೈರ್ಯಕ್ಕೆ. ಇದೂ ಅಡ್ಡವೇ ಅಲ್ವಾ? ಪುಸ್ತಕದಲ್ಲಿ ಇಲ್ಲದ ಅಡ್ಡ, ಅದೂ ಮತ್ತೆ ದೂರ ಹೋಗಲಾಗದವಳಿಗೇ.

ಉಳಿದದ್ದನ್ನು ಬೇಗ ಹೇಳುತ್ತೇನೆ, ಸಮಯ ಕತೆಗೇ ಹೋಯಿತು. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ಪ್ರಕಾರ ಕೆಲವರಿಗೆ 24 ವಾರದವರೆಗೂ ಆಗುತ್ತದೆ, ಅದಕ್ಕೆ ಇಬ್ಬರು ಡಾಕ್ಟರು ಬೇಕು. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೂಸಿಗೆ ದೊಡ್ಡ ದೋಷ ಇದ್ದರೆ 24 ವಾರದ ನಂತರವೂ ಮೆಡಿಕಲ್ ಬೋರ್ಡ್ ಮುಂದೆ ಹೋಗಬಹುದು. ಎಂಡೋಸಲ್ಫಾನ್ ಕೀಟನಾಶಕದ ಪೆಟ್ಟು ನೋಡಿದ ಊರಿನವರಿಗೆ ಇದು ಗೊತ್ತಿರಬೇಕು. ಐದನೇ ತಿಂಗಳ ಸ್ಕ್ಯಾನನ್ನು ಮುಂದೂಡಬೇಡಿ. ತಿಂಗಳು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ, ಸರಕಾರಿ ಆಸ್ಪತ್ರೆಗೆ ಹೋಗಿ. ನಿಮ್ಮ ಹೆಸರನ್ನು ಡಾಕ್ಟರು ಹೊರಗೆ ಹೇಳುವಂತಿಲ್ಲ, ಹೇಳಿದರೆ ಅವರಿಗೇ ಶಿಕ್ಷೆ. ಸಹಿ ಕೇಳಿದರೆ, ಯಾವ ಕಾನೂನಿನಲ್ಲಿದೆ ಅಂತ ಕೇಳಿ.

ನಮಸ್ಕಾರ.