ಬೆನ್ನ ಮೇಲಿನ ರೇಡಿಯೊ

ಕೇಳುಗರೇ, ನಮಸ್ಕಾರ.

ಹಳೇ ವಾಲ್ವ್ ರೇಡಿಯೊ ನೆನಪಿದೆಯಾ? ಗುಂಡಿ ತಿರುಗಿಸಿದ ಕೂಡಲೇ ಅದು ಬಾಯಿ ಬಿಡುತ್ತಿರಲಿಲ್ಲ. ಮೊದಲು ಒಳಗಿನ ವಾಲ್ವ್, ಅಂದರೆ ಸಂಕೇತವನ್ನು ಹಿಗ್ಗಿಸುವ ಗಾಜಿನ ಬುರುಡೆ, ಬಿಸಿಯಾಗಬೇಕು, ಆಮೇಲೆ ವಾರ್ತೆ. ಆ ವಾಲ್ವ್‌ಗಳ ಚಿಕ್ಕ ತಮ್ಮಂದಿರು 18 ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿ ಅಂದರೆ ಹೇಗಿರುತ್ತದೆ? ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹೊತ್ತ ಎಸ್‌ಸಿಆರ್-300 ಸೆಟ್ ಹಾಗಿತ್ತು. ತೂಕ 15 ಕಿಲೋ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ವಾಲ್ವ್‌ನ ತಂತಿ ಕಾಯಿಸಲು ಒಂದು ಕರೆಂಟು, ಅದನ್ನು ದುಡಿಸಲು ಇನ್ನೊಂದು. ಮಾತು ತಲುಪುತ್ತಿದ್ದದ್ದು ಸುಮಾರು 5 ಕಿಲೋಮೀಟರ್.

ವಾಲ್ವ್‌ನ ಕೆಲಸವನ್ನೇ ಮಾಡುವ, ಕಾಯಿಸಬೇಕಿಲ್ಲದ ಪುಟ್ಟ ಟ್ರಾನ್ಸಿಸ್ಟರ್ ಬಂದಮೇಲೆ, ಸೆಟ್ ಇನ್ನೂ ಚಿಕ್ಕದಾಗಲಿ ಎಂಬ ಆಸೆ ಸೇನೆಗೆ ಹೆಚ್ಚಿತು. 1958ರಲ್ಲಿ ಅದರ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್ ಆರ್‌ಸಿಎ ಕಂಪನಿಗೆ ಮೈಕ್ರೋ-ಮಾಡ್ಯೂಲ್ ಎಂಬ ಕೆಲಸ ವಹಿಸಿತು. ಉಪಾಯ ಸರಳ. ಒಂದೊಂದು ಬಿಡಿಭಾಗವನ್ನೂ ಸುಮಾರು 8 ಮಿಲಿಮೀಟರ್ ಅಗಲದ ಚೌಕದ ಪಿಂಗಾಣಿ ಬಿಲ್ಲೆಯ ಮೇಲೆ ಕೂರಿಸುವುದು. ಬಿಲ್ಲೆಗಳನ್ನು ಬಿಸ್ಕತ್ತಿನ ಹಾಗೆ ಒಂದರ ಮೇಲೊಂದು ಪೇರಿಸಿ, ಅಂಚಿಗೆ ತಂತಿ ಬೆಸೆದು, ರಾಳದಲ್ಲಿ ಮುಚ್ಚುವುದು. ಜಾಗ ಉಳಿಯಿತು, ನಿಜ. ಆದರೆ ಬೆಸುಗೆ ಉಳಿದೇ ಇತ್ತಲ್ಲ! ಒಂದು ಬೆಸುಗೆ ಬಿಟ್ಟರೆ ಸೆಟ್ ಮೂಕ.

ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ಈ ಯೋಜನೆಗೆ ಕೈಹಾಕಿತ್ತು. ಅಲ್ಲಿಗೆ ಹೊಸದಾಗಿ ಸೇರಿದವರು ಎಂಜಿನಿಯರ್ ಜ್ಯಾಕ್ ಕಿಲ್ಬಿ. ಜುಲೈನಲ್ಲಿ ಎಲ್ಲರೂ ಒಟ್ಟಿಗೆ ರಜೆ ಹೋದರು. ಹೊಸಬರಾದ ಇವರಿಗೆ ರಜೆ ಇರಲಿಲ್ಲ, ಪ್ರಯೋಗಾಲಯದಲ್ಲಿ ಹೆಚ್ಚುಕಮ್ಮಿ ಒಬ್ಬರೇ. ಬಿಲ್ಲೆ ಪೇರಿಸುವ ದಾರಿ ಅವರಿಗೆ ಹಿಡಿಸಲಿಲ್ಲ. ಬಿಡಿಭಾಗಗಳನ್ನು ಬೇರೆ ಬೇರೆ ಮಾಡಿ ಆಮೇಲೆ ಯಾಕೆ ಕೂಡಿಸಬೇಕು? ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್ ಎಲ್ಲವನ್ನೂ ಒಂದೇ ತುಂಡಿನಲ್ಲಿ ಮಾಡಿದರೆ? 1958ರ ಸೆಪ್ಟೆಂಬರ್ 12ರಂದು, ಹಾಗೆ ಮಾಡಿದ ಜರ್ಮೇನಿಯಂ ಚೂರೊಂದಕ್ಕೆ ಕರೆಂಟು ಕೊಟ್ಟರು. ಕರೆಂಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯಲ್ಲಿ ಅಲೆ ಮೂಡಿತು. ಚೂರು ಕೆಲಸ ಮಾಡಿತು, ಅದೇ ಚಿಪ್. ನೋಬೆಲ್ ಬರಲು ಮಾತ್ರ 2000ನೇ ಇಸವಿ ಆಗಬೇಕಾಯಿತು. ಸಿಗದ ರಜೆಗೆ ಇಷ್ಟು ಒಳ್ಳೆ ಪರಿಹಾರ ಯಾರಿಗೂ ಸಿಕ್ಕಿರಲಿಕ್ಕಿಲ್ಲ, ಅಲ್ವಾ?

ಚಿಪ್ ಹುಟ್ಟಿತು ಅಂತ ಸೈನಿಕನ ಸೆಟ್ ರಾತ್ರೋರಾತ್ರಿ ಬದಲಾಗಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋದ ಪಿಆರ್‌ಸಿ-25 ಎಂಬ ಬೆನ್ನಿನ ಸೆಟ್‌ನಲ್ಲಿ ಬಹುಪಾಲು ಟ್ರಾನ್ಸಿಸ್ಟರ್‌ಗಳೇ. ಆದರೂ ಒಂದು ವಾಲ್ವ್ ಪಟ್ಟು ಹಿಡಿದು ಕೂತಿತ್ತು. ಮಾತನ್ನು ಆಂಟೆನಾಗೆ ತಳ್ಳುವ ಕೊನೆಯ ಹಂತಕ್ಕೆ ಜಾಸ್ತಿ ಶಕ್ತಿ ಬೇಕು, ಅದಕ್ಕೆ. ನಂತರದ ಪಿಆರ್‌ಸಿ-77ರಲ್ಲಿ ಅದೂ ಹೋಯಿತು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳು. ಹೊತ್ತವನ ಬೆನ್ನಿಗಂತೂ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಬ್ಯಾಟರಿ ಇನ್ನೂ ಅಲ್ಲೇ ಇತ್ತು.