ಪ ಅಕ್ಷರದ ಮುಂದೆ ಒಂದು ಅ

ಎಲ್ರಿಗೂ ನಮಸ್ಕಾರ. ಮೊನ್ನೆ ರಾತ್ರಿ 'ದಿ ಕಿಂಗ್ಸ್ ಸ್ಪೀಚ್' ಸಿನಿಮಾ ಮತ್ತೆ ನೋಡ್ದೆ, 2010ರದ್ದು, ಇಂಗ್ಲೆಂಡಿನ ದೊರೆ ಆರನೇ ಜಾರ್ಜ್‌ಗೆ ಉಗ್ಗು ಇತ್ತಲ್ಲ, ಅವರ ಕಥೆ. ಮೂರನೇ ಸಲ ನೋಡ್ತಿರೋದು, ಆದ್ರೂ ಮೊದಲ ಸೀನ್‌ಗೇ ಎದೆ ಡವಡವ ಅಂತು. 1925, ವೆಂಬ್ಲಿ ಸ್ಟೇಡಿಯಂ, ಇನ್ನೂ ರಾಜ ಆಗಿರದ ಡ್ಯೂಕ್ ಮೈಕ್ ಮುಂದೆ ನಿಂತಿದಾರೆ, ಜನ ಕಾಯ್ತಿದಾರೆ, ಗಂಟಲ ನರ ಬಿಗಿದಿದೆ, ಮಾತು ಮಾತ್ರ ಬರ್ತಿಲ್ಲ, ಬಂದ ಚೂರುಪಾರು ದನಿನೂ ಸ್ಪೀಕರಿಂದ ತಿರುಗಿ ಬಂದು ಅವರ ಕಿವಿಗೇ ಬಡಿಯುತ್ತೆ.

ನಂಗೂ ಚಿಕ್ಕಂದಿನಲ್ಲಿ ಉಗ್ಗು ಇತ್ತು. ಹಾಜರಿ ಕರೆಯುವಾಗ 'ಪ್ರೆಸೆಂಟ್ ಸಾರ್' ಅನ್ನೋಕಾಗ್ದೆ ತುಟಿ ಎರಡೂ ಅಂಟ್ಕೊಂಡು ಬಿಡೋವು, ನನ್ನ ನಂಬರ್ ಹತ್ರ ಬರ್ತಿದ್ದ ಹಾಗೇ ಅಂಗೈ ಬೆವರೋದು. ಅಜ್ಜಿ ಬಜೆ ತೇದು ನಾಲಿಗೆಗೆ ಹಚ್ಚೋರು. ಸಿನಿಮಾದಲ್ಲಿ ರಾಜವೈದ್ಯರು ಡ್ಯೂಕ್ ಬಾಯಿಗೆ ಗಾಜಿನ ಗೋಲಿ ತುಂಬಿಸಿ ಓದಿಸ್ತಾರೆ, ಸಿಗರೇಟ್ ಸೇದಿದ್ರೆ ಗಂಟಲು ಸಡಿಲ ಆಗುತ್ತೆ ಅಂತಾರೆ. ಅಜ್ಜಿಯ ಬಜೆಯಲ್ಲಿ ಪ್ರೀತಿನಾದ್ರೂ ಇತ್ತು.

ಆಮೇಲೆ ಬರ್ತಾರೆ ಲಯನೆಲ್ ಲೋಗ್, ಆಸ್ಟ್ರೇಲಿಯಾದವರು, ಡಾಕ್ಟರ್ ಡಿಗ್ರಿ ಇಲ್ಲ, ಮೊದಲ ಮಹಾಯುದ್ಧದಲ್ಲಿ ದನಿ ಕಳ್ಕೊಂಡು ಬಂದ ಸೈನಿಕರಿಗೆ ಮಾತು ಕಲಿಸಿ ಪಳಗಿದೋರು. ಇವರಿಬ್ರೂ ನಿಜವಾಗಿ ಭೇಟಿ ಆಗಿದ್ದು 1926ರಲ್ಲೇ, ಸಿನಿಮಾ ಅದನ್ನ 30ರ ದಶಕಕ್ಕೆ ಎಳ್ಕೊಂಡು ಬಂದಿದೆ, ಅದೊಂದು ನಂಗೆ ಸರಿ ಬರ್ಲಿಲ್ಲ, ಯಾಕಂದ್ರೆ ಉಗ್ಗಿನ ಜೊತೆ ಗುದ್ದಾಡೋದು ವರ್ಷಾನುಗಟ್ಟಲೆ ಕೆಲಸ, ಆ ಲೆಕ್ಕ ಕಾಣ್ಬೇಕಿತ್ತು. ಚಿತ್ರಕಥೆ ಬರೆದ ಡೇವಿಡ್ ಸೈಡ್ಲರ್‌ಗೂ ಬಾಲ್ಯದಲ್ಲಿ ಉಗ್ಗಿತ್ತು. ದೊರೆಯ ಹೆಂಡತಿ, ಆಗ ರಾಜಮಾತೆ, ನಾನು ಬದುಕಿರೋ ತನಕ ಈ ಕಥೆ ಹೊರಗೆ ಬರೋದು ಬೇಡ ಅಂತ ಅವರನ್ನ ಕೇಳ್ಕೊಂಡಿದ್ರಂತೆ, ಅವರು ತೀರ್ಕೊಂಡಿದ್ದು 2002ರಲ್ಲಿ, ಅಲ್ಲೀತನಕ ಕಾದ ಮನುಷ್ಯ ಈತ.

ನಿಮ್ಮನೆ ಮಗುಗೆ ಉಗ್ಗಿದ್ರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದಯವಿಟ್ಟು ಒಂದ್ಸಲ ಕರ್ಕೊಂಡು ಹೋಗಿ. ಮಗು ಪದಕ್ಕೆ ತಡಕಾಡುವಾಗ ನೀವೇ ಆ ಪದ ಹೇಳಿ ಮುಗಿಸಬೇಡಿ, ಕಾಯಿರಿ.

ಕೊನೇ ಸೀನು 1939ರ ಸೆಪ್ಟೆಂಬರ್ 3, ಬ್ರಿಟನ್ ಜರ್ಮನಿ ಮೇಲೆ ಯುದ್ಧ ಸಾರಿದ ದಿನ, ದೊರೆ ರೇಡಿಯೋದಲ್ಲಿ ಜನರಿಗೆ ಮಾತಾಡ್ಬೇಕು, ಪುಟ್ಟ ಕೋಣೆ, ದೊರೆ, ಮೈಕು, ಎದುರಿಗೆ ಲೋಗ್ ಕೈ ಆಡಿಸ್ತಾ ನಿಂತಿದಾರೆ. 'ಪ' ತಡೀತಿದ್ರೆ ಅದರ ಮುಂದೆ ಸಣ್ಣಕೆ ಒಂದು 'ಅ' ಹಾಕ್ಕೊಳ್ಳಿ, ಅ-ಪೀಪಲ್ಸ್ ಅನ್ನಿ ಅಂತ ಪ್ರಾಕ್ಟೀಸ್‌ನಲ್ಲೇ ಹೇಳಿಕೊಟ್ಟಿರ್ತಾರೆ. ಇವತ್ತು ಈ ಸ್ಟುಡಿಯೋದಲ್ಲಿ ಕೆಂಪು ಲೈಟ್ ಹತ್ತೋಕೆ ಮುಂಚೆ ನಾನೂ ಬಾಯೊಳಗೇ ಒಂದ್ಸಲ ಅಂದ್ಕೊಂಡೆ, ಅ-ಪ್ರೆಸೆಂಟ್ ಸಾರ್.