ವಾಟ ನೋಡಿದ್ದೀರಾ?

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಇರುವುದು ಮೈಸೂರಿನ ಕುವೆಂಪುನಗರದ ಕಡೆ, ಒಂದು ಅಡ್ಡರಸ್ತೆಯಲ್ಲಿ. ಮೂಲೆಯಿಂದ ಮೂರನೇ ಮನೆ. ಹೋದ ವರ್ಷ ಚಿತ್ತೆ ಮಳೆ ಬಂದಾಗ ಗೇಟಿನ ಮುಂದೆ ಪಾದ ಮುಳುಗುವಷ್ಟು ನೀರು. ಮಳೆ ನಿಂತು ಮೂರು ದಿನವಾದರೂ ಹೋಗಲಿಲ್ಲ. ಹಾಲಿನ ಹುಡುಗ ಸೈಕಲ್ ಮೇಲೆ ಎರಡೂ ಕಾಲು ಎತ್ತಿಕೊಂಡೇ ಬರುತ್ತಿದ್ದ. ನಾವು ಗೇಟಿನಿಂದ ರಸ್ತೆಯ ನಡುವಿನ ತನಕ ಮೂರು ಇಟ್ಟಿಗೆ ಇಟ್ಟುಕೊಂಡಿದ್ದೆವು. ನೆಂಟರು ಬಂದರೆ "ಎರಡನೇದು ಅಲ್ಲಾಡುತ್ತೆ, ಹುಷಾರು" ಅಂತ ಬಾಗಿಲಿಂದಲೇ ಕೂಗುತ್ತಿದ್ದೆವು.

ಚರಂಡಿ ಇರಲಿಲ್ಲವಾ? ಇತ್ತು. ರಸ್ತೆಯ ಎರಡೂ ಪಕ್ಕ ಕಾಂಕ್ರೀಟ್ ಚರಂಡಿ, ಮೇಲೆ ಚಪ್ಪಡಿ ಬೇರೆ. ತಮಾಷೆ ಅಂದರೆ ರಸ್ತೆಯಲ್ಲಿ ಕೆರೆ, ಚರಂಡಿಯೊಳಗೆ ಬರೀ ಒಣ ಎಲೆ.

ದೂರು ಕೊಟ್ಟೆವು. ಪಾಲಿಕೆಯವರು ಬಂದರು, ಹೂಳು ತೆಗೆದರು, ತೆಗೆದ ಹೂಳನ್ನು ಚರಂಡಿ ಅಂಚಿನಲ್ಲೇ ಗುಡ್ಡೆ ಹಾಕಿ ಹೋದರು. ಮುಂದಿನ ಮಳೆ ಅದನ್ನು ಜೋಪಾನವಾಗಿ ವಾಪಸ್ ಒಳಗೆ ಹಾಕಿತು. ಇದು ನಿಮ್ಮ ಬೀದಿಯಲ್ಲೂ ಆಗಿರುತ್ತದೆ, ಅಲ್ವಾ?

ಆಗ ಎದುರು ಮನೆಯಲ್ಲಿ ಮೇಲಂತಸ್ತು ಕಟ್ಟುತ್ತಿದ್ದರು. ಅಲ್ಲಿನ ಮೇಸ್ತ್ರಿ ಒಂದು ದಿನ ನಮ್ಮ ಇಟ್ಟಿಗೆ ಸೇತುವೆ ನೋಡಿ ನಕ್ಕು, "ಸ್ವಾಮಿ, ಇದರ ವಾಟ ಯಾರಾದ್ರೂ ನೋಡಿದ್ದೀರಾ?" ಅಂದರು. ವಾಟ ಅಂದರೆ ಗೊತ್ತಲ್ಲ, ಇಳಿಜಾರು. ಬಚ್ಚಲಿಗೆ ಕೊಡುತ್ತೇವೆ, ತಾರಸಿಗೆ ಕೊಡುತ್ತೇವೆ. ಬೀದಿಗೂ ಅದು ಬೇಕು ಅನ್ನುವುದು ಮಾತ್ರ ನಮಗೆ ಹೊಳೆದಿರಲಿಲ್ಲ.

ಮೇಸ್ತ್ರಿ ತಮ್ಮ ಲೆವೆಲ್ ಪೈಪು ತಂದರು. ಬೆರಳು ದಪ್ಪದ ಪ್ಲಾಸ್ಟಿಕ್ ಪೈಪು, ಒಳಗಿನ ನೀರು ಆಚೆಗೆ ಕಾಣುತ್ತದೆ, ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಉದ್ದ ಮಾತ್ರ ಭಾರೀ. ಒಂದು ತುದಿ ನನ್ನ ಕೈಗೆ ಕೊಟ್ಟು ಗೇಟಿನ ಮುಂದೆ ನಿಲ್ಲಿಸಿದರು. ಇನ್ನೊಂದು ತುದಿ ಹಿಡಿದು ತಾವು ಮೂಲೆಗೆ ಹೋದರು. ಪೈಪಿಗೆ ಬೆರಳಿಂದ ಟಪ್ ಟಪ್ ಅಂತ ತಟ್ಟಿ ಗಾಳಿಗುಳ್ಳೆ ಬಿಡಿಸಿದರು. ಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದಂತೆ. ಆಮೇಲೆ ಎರಡೂ ಕಡೆ ನೀರಿನ ಗೆರೆಯಿಂದ ನೆಲಕ್ಕೆ ಎಷ್ಟು ಅಂತ ಟೇಪು ಹಿಡಿದು ನೋಡಿದೆವು. ಸಣ್ಣ ಹುಡುಗರೆಲ್ಲ ಸುತ್ತ ಸೇರಿದ್ದರು.

ಗೊತ್ತಾಗಿದ್ದು ಇಷ್ಟು. ರಸ್ತೆ ನೀರು ಚರಂಡಿಗೆ ಇಳಿಯಲಿ ಅಂತ ಗೋಡೆಯಲ್ಲಿ ಬಿಟ್ಟ ಕಿಂಡಿ ಇದೆಯಲ್ಲ, ಅದು ರಸ್ತೆಯ ಅಂಚಿಗಿಂತ ಮೂರು ಬೆರಳು ಮೇಲಿತ್ತು. ನೀರು ಮೆಟ್ಟಿಲು ಹತ್ತಿ ಚರಂಡಿಗೆ ಹೋಗುತ್ತದಾ? ಕಟ್ಟಿದವರು ಕಣ್ಣಳತೆಯಲ್ಲೇ ಮುಗಿಸಿದ್ದರು. ಎರಡನೆಯದು ಇನ್ನೂ ಚೆನ್ನಾಗಿದೆ. ಮುಂದಿನ ಮುಖ್ಯರಸ್ತೆಗೆ ವರ್ಷ ವರ್ಷ ಡಾಂಬರು ಮೇಲೆ ಡಾಂಬರು ಬಿದ್ದು, ನಮ್ಮ ಅಡ್ಡರಸ್ತೆಯ ಬಾಯಿಗೆ ಕೆರೆ ಏರಿ ಕಟ್ಟಿದ ಹಾಗಾಗಿತ್ತು. ನಾವು ಕೆರೆಯೊಳಗೆ ವಾಸವಾಗಿದ್ದೆವು, ಅಷ್ಟೇ.

ಹೀಗಾಗದಿರಲು ಹಳೇ ಡಾಂಬರನ್ನು ಕೆರೆದು ತೆಗೆದು ಹೊಸದು ಹಾಕಬೇಕು. ಅದಕ್ಕೆ ಯಂತ್ರವೇ ಇದೆ, ಮಿಲ್ಲಿಂಗ್ ಅಂತಾರೆ. ರಸ್ತೆ ನಡುವಿನಿಂದ ಅಂಚಿಗೆ 10 ಅಡಿಗೆ ಎರಡೂವರೆ ಇಂಚಾದರೂ ಇಳಿದಿರಬೇಕು. ಚರಂಡಿಯ ತಳ 100 ಅಡಿಗೆ 6 ಇಂಚು ಇಳಿದರೆ ನೀರು ತನ್ನ ಹೂಳನ್ನು ತಾನೇ ತಳ್ಳಿಕೊಂಡು ಹೋಗುತ್ತದೆ. ಇಷ್ಟು ವಾಟ ಇಲ್ಲದಿದ್ದರೆ ಎಷ್ಟು ಅಗಲ ಕಟ್ಟಿದರೂ ಅದು ಚರಂಡಿ ಅಲ್ಲ, ಉದ್ದನೆಯ ತೊಟ್ಟಿ.

ಮೈಸೂರಿನವರಿಗೆ ಈ ಕಷ್ಟ ಬರಬಾರದಿತ್ತು ನೋಡಿ. ಊರು ಕೂತಿರುವುದೇ ದಿಣ್ಣೆಯ ಮೇಲೆ. ಬಡಗಣ ಪಕ್ಕದ ನೀರು ಕಾವೇರಿ ಕಡೆಗೆ, ತೆಂಕಣ ಪಕ್ಕದ್ದು ಕಪಿಲೆ ಕಡೆಗೆ. ಹೋಗುವ ದಾರಿಯಲ್ಲಿ ಕೆರೆಗಳಿದ್ದವು. ವಸ್ತುಪ್ರದರ್ಶನ ನಡೆಯುವ ಜಾಗವನ್ನು ದೊಡ್ಡಕೆರೆ ಮೈದಾನ ಅಂತ ಸುಮ್ನೆ ಕರೆಯುವುದಿಲ್ಲ. ಪ್ಲೇಗು ಬಂದು ಊರು ತತ್ತರಿಸಿದ ಮೇಲೆ, 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಟ್ರಸ್ಟ್ ಬೋರ್ಡ್ ಮಾಡಿದರು. ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಇವತ್ತಿಗೂ ಕನ್ಸರ್ವೆನ್ಸಿ ಗಲ್ಲಿ ಕಾಣುತ್ತದೆ. ಗಲೀಜು ಹಿಂದಿನಿಂದ ಹೋಗಲಿ ಅಂತ ಬಿಟ್ಟ ಜಾಗ. ಈಗ ಎಷ್ಟೋ ಕಡೆ ಅಲ್ಲಿ ಸ್ಕೂಟರ್ ನಿಂತಿರುತ್ತದೆ.

ನಮ್ಮ ತಪ್ಪೂ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಸುಮಾರು 20 ಮನೆ, ಹೆಚ್ಚಿನವು 30 ಅಡಿಗೆ 40 ಅಡಿ ಸೈಟು. ಒಂದು ಇಂಚು ಮಳೆ ಬಂದರೆ ಅಂಥ ಒಂದು ಸೈಟಿನ ಮೇಲೆ 2,800 ಲೀಟರ್ ನೀರು ಬೀಳುತ್ತದೆ. 20 ಮನೆಗೆ 56,000 ಲೀಟರ್. ಅಂದರೆ ಸುಮಾರು ಹತ್ತು ಟ್ಯಾಂಕರ್, ಎಲ್ಲಾ ಒಟ್ಟಿಗೆ ಬೀದಿಗೆ! ಕೆಲವರು ತಾರಸಿ ಪೈಪನ್ನು ಒಳಚರಂಡಿಗೆ ಸೇರಿಸಿರುತ್ತಾರೆ. ಅದು ಕಕ್ಕಸು, ಬಚ್ಚಲಿನ ನೀರಿಗೆ ಮಾಡಿದ್ದು. ಮಳೆ ನೀರೂ ನುಗ್ಗಿದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಚೆ ರಸ್ತೆಗೆ ಬರುತ್ತದೆ. ನಾನೂ ಹಾಗೇ ಮಾಡಿಸಿದ್ದೆ, ಈಗ ಬಿಡಿಸಿ ನೆಲದಡಿಯ ನೀರಿನ ಸಂಪ್‌ಗೆ ತಿರುಗಿಸಿದ್ದೇನೆ. ಒಳಚರಂಡಿ ಕಟ್ಟಿಕೊಂಡಾಗ, ದಯವಿಟ್ಟು, ಯಾರನ್ನೂ ಮ್ಯಾನ್‌ಹೋಲ್ ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಒಳಗಿನ ಗಾಳಿ ಒಂದು ಉಸಿರಿಗೇ ಕೊಲ್ಲಬಲ್ಲದು. ಯಂತ್ರದ ಗಾಡಿಗೆ ಫೋನ್ ಮಾಡಿ.

ನಿಂತ ನೀರು ಅಂದರೆ ಸೊಳ್ಳೆ, ಆ ವಿಷಯ ನಿಮಗೆ ಗೊತ್ತಿರುವುದೇ. ಡೆಂಗಿ ಸೊಳ್ಳೆಗೆ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಹಾರುವ ತನಕ ವಾರ, ಹತ್ತು ದಿನ ಸಾಕು.

ಅಳತೆ ಆದ ಮೇಲೆ ಮತ್ತೆ ದೂರು ಕೊಟ್ಟೆವು. ಈ ಸಲ "ನೀರು ನಿಲ್ಲುತ್ತದೆ" ಅಂತ ಬರೆಯಲಿಲ್ಲ. "ಮೂರನೇ ಮನೆ ಎದುರಿನ ಕಿಂಡಿ ರಸ್ತೆಗಿಂತ ಎರಡು ಇಂಚು ಮೇಲಿದೆ" ಅಂತ ಬರೆದು, ಟೇಪು ಹಿಡಿದ ಫೋಟೋ ಅಂಟಿಸಿದೆವು. ಜೊತೆಗೆ ಮಳೆ ಬರುವಾಗಲೇ ಕೊಡೆ ಹಿಡಿದು ತೆಗೆದ ವಿಡಿಯೋ. ಬಿಸಿಲಲ್ಲಿ ಬಂದು ನೋಡಿದವರಿಗೆ ಏನೂ ಕಾಣುವುದಿಲ್ಲ, ಅದಕ್ಕೆ. ಕೆಲಸ ಬೇಗ ಆಯಿತು ಅನ್ನಲಾರೆ, ನಾಲ್ಕು ತಿಂಗಳಾಯಿತು. ಆದರೆ ಬಂದವರು ಹಾರೆ ಹಿಡಿದು ಸೀದಾ ಆ ಕಿಂಡಿಗೇ ಹೋದರು. ಆರು ಕಿಂಡಿ ಕೆಳಗಿಳಿಸಿದರು. ಮೂಲೆಯ ದಿಬ್ಬವನ್ನು ಒಂದಿಷ್ಟು ಕೆರೆದರು.

ಉಳಿದಿರುವುದು ಮೂಲೆ ಮನೆಯವರ ಕಾರಿನ ರ‍್ಯಾಂಪು. ಅದರ ಕೆಳಗೆ ಚರಂಡಿಗೆ ಅಂತ ನಾಲ್ಕು ಇಂಚಿನ ಪೈಪು ಇಟ್ಟಿದ್ದಾರೆ, ಒಂದು ತೆಂಗಿನ ಚಿಪ್ಪು ಸಿಕ್ಕಿದರೆ ಕಥೆ ಮುಗಿಯಿತು. ಅವರ ಜೊತೆ ಮಾತು ನಡೆಯುತ್ತಿದೆ. ಮೊನ್ನೆ ಕಾಫಿಗೆ ಕರೆದಿದ್ದೆವು, ಕಾಫಿ ಚೆನ್ನಾಗಿದೆ ಅಂದರು. ಸದ್ಯಕ್ಕೆ ಮೂರು ಇಟ್ಟಿಗೆಯಲ್ಲಿ ಎರಡು ತೆಗೆದಿದ್ದೇವೆ. ಇನ್ನೊಂದು ಹಾಗೇ ಇದೆ.

ನಮಸ್ಕಾರ.